ರೀಸ್ಟಾರ್ಟ್ ಮಾಡೋ ಮುಂಚೆ ಐದು ನಿಮಿಷ

ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಇದೆ. ಅದರ ಹೆಸರು ರೀಸ್ಟಾರ್ಟ್. ಹಾಸ್ಟೆಲ್ ವೈಫೈ ನಿಂತ್ರೆ ರೂಟರ್ ಆಫ್ ಮಾಡಿ ಆನ್ ಮಾಡ್ತಾರೆ. ಸೆಮಿನಾರ್ ಹಾಲ್‌ನ ಪ್ರೊಜೆಕ್ಟರ್ ಕೈಕೊಟ್ರೆ ಅದಕ್ಕೂ ಅದೇ ಮದ್ದು. ಪ್ರಾಜೆಕ್ಟ್ ಡೆಮೊ ದಿನ ಡೇಟಾಬೇಸ್ ಸರ್ವರ್ ಉತ್ತರ ಕೊಡದೆ ಕೂತ್ರೆ, ಎಕ್ಸ್‌ಟರ್ನಲ್ ಬರೋಷ್ಟರಲ್ಲಿ ಸರ್ವಿಸ್ ರೀಸ್ಟಾರ್ಟ್ ಮಾಡಿ, ಬೆವರು ಒರೆಸಿಕೊಂಡು, ಏನೂ ಆಗದವರ ಹಾಗೆ ನಿಂತುಬಿಡ್ತಾರೆ. ರೂಟರ್, ಪ್ರೊಜೆಕ್ಟರ್ ವಿಷಯದಲ್ಲಿ ನಮ್ಮ ತಕರಾರಿಲ್ಲ. ಡೇಟಾಬೇಸ್ ವಿಷಯದಲ್ಲಿ ಇದೆ.

ನಮ್ಮ ವಾದ ಇಷ್ಟೇ. ಡೇಟಾಬೇಸ್ ಸರ್ವರ್ ಬಿದ್ದಾಗ ಅಥವಾ ಕಟ್ಟಿಕೊಂಡು ನಿಂತಾಗ, ಯಾಕೆ ಹಾಗಾಯ್ತು ಅನ್ನೋದಕ್ಕೆ ಸಾಕ್ಷಿ ಆ ಹೊತ್ತಿನಲ್ಲಿ ಮಾತ್ರ ಇರುತ್ತೆ. ರೀಸ್ಟಾರ್ಟ್ ಆ ಸಾಕ್ಷಿಯನ್ನು ಅಳಿಸಿಹಾಕುತ್ತೆ. ಸಮಸ್ಯೆ ಮಾತ್ರ ಅಲ್ಲೇ ಉಳಿದು, ಇನ್ನೊಂದು ದಿನ ಇನ್ನೂ ಕೆಟ್ಟ ಹೊತ್ತಿನಲ್ಲಿ ವಾಪಸ್ ಬರುತ್ತೆ. ಮೊದಲು ನೋಡಬೇಕು, ಆಮೇಲೆ ಮುಟ್ಟಬೇಕು. ಇದನ್ನು ಕಲಿಸೋ ಒಂದೇ ಒಂದು ಪ್ರಯೋಗವೂ ನಮ್ಮ ಡಿಬಿಎಂಎಸ್ ಲ್ಯಾಬ್ ರೆಕಾರ್ಡಿನಲ್ಲಿ ಇಲ್ಲ.

ಇದು ಯಾಕೆ ಮುಖ್ಯ ಅಂತ ಕೇಳಬಹುದು. ಇನ್ನೊಂದೆರಡು ವರ್ಷದಲ್ಲಿ ನಮ್ಮಲ್ಲಿ ಬಹಳ ಜನ ಯಾವುದೋ ಕಂಪನಿಯ ಸಪೋರ್ಟ್ ಶಿಫ್ಟ್‌ನಲ್ಲಿ ಕೂತಿರ್ತೀವಿ. ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತೆ. ಆಗ ಎದುರಿಗಿರೋದು ಮಿನಿ ಪ್ರಾಜೆಕ್ಟಿನ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಅಲ್ಲ. ಯಾರದೋ ಸಂಬಳ, ಯಾರದೋ ಆಸ್ಪತ್ರೆ ದಾಖಲೆ, ಯಾರೋ ಊರಿಗೆ ಹೋಗೋಕೆ ತೆಗೆಸಿದ ಟಿಕೆಟ್. ಅವತ್ತು ಕಲಿತರಾಯ್ತು ಅನ್ನೋ ಮಾತಿಗೆ ನಮ್ಮ ಹಿರಿಯರು ಎಂದೋ ಉತ್ತರ ಕೊಟ್ಟಿದ್ದಾರೆ: ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸತ್ತಿದೆಯೋ, ಸುಮ್ಮನಿದೆಯೋ?

"ಡೇಟಾಬೇಸ್ ಹೋಯ್ತು" ಅನ್ನೋ ಒಂದೇ ವಾಕ್ಯದಲ್ಲಿ ನಾವು ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬಿಬಿಡ್ತೀವಿ. ಒಂದು, ಸರ್ವರ್ ಪ್ರೊಸೆಸ್ ನಿಜವಾಗಿ ಸತ್ತಿದೆ, ಇದು ಕ್ರ್ಯಾಶ್. ಎರಡು, ಪ್ರೊಸೆಸ್ ಬದುಕಿದೆ, ಆದರೆ ಉತ್ತರ ಕೊಡ್ತಿಲ್ಲ, ಇದು ಹ್ಯಾಂಗ್. ಮೂರು, ಸರ್ವರ್ ಆರೋಗ್ಯವಾಗೇ ಇದೆ, ನಮ್ಮ ಪ್ರೋಗ್ರಾಮಿಗೂ ಅದಕ್ಕೂ ನಡುವಿನ ಕನೆಕ್ಷನ್ ಮಾತ್ರ ಕಡಿದಿದೆ. ಮೂರಕ್ಕೂ ಬೇರೆ ಬೇರೆ ಕಾರಣ, ಬೇರೆ ಬೇರೆ ಮದ್ದು.

ಮೂರನೆಯದನ್ನೇ ಮೊದಲು ನೋಡೋಣ, ಯಾಕಂದ್ರೆ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಇದು ತುಂಬಾ ಸಾಮಾನ್ಯ. ರಾತ್ರಿ ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಬಂದು ಮೊದಲ ಪೇಜ್ ತೆರೆದ ಕೂಡಲೇ "ಮೈಎಸ್‌ಕ್ಯುಎಲ್ ಸರ್ವರ್ ಹ್ಯಾಸ್ ಗಾನ್ ಅವೇ" ಅನ್ನೋ ಎರರ್. ಓದಿದವರಿಗೆ ಸರ್ವರ್ ಎದ್ದು ಎಲ್ಲೋ ಹೋಗಿಬಿಟ್ಟ ಹಾಗೆ ಅನ್ನಿಸುತ್ತೆ. ಅದು ಎಲ್ಲಿಗೂ ಹೋಗಿರಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ವೇಟ್ ಟೈಮ್‌ಔಟ್ ಅನ್ನೋ ಸೆಟ್ಟಿಂಗ್‌ನ ಮೂಲ ಬೆಲೆ 28800 ಸೆಕೆಂಡ್, ಅಂದ್ರೆ 8 ಗಂಟೆ. ಅಷ್ಟು ಹೊತ್ತು ಮಾತಾಡದ ಕನೆಕ್ಷನ್ನನ್ನು ಸರ್ವರ್ ತಾನೇ ಮುಚ್ಚುತ್ತೆ. ಪ್ರೋಗ್ರಾಮ್ ಮಾತ್ರ ಹಳೇ ಕನೆಕ್ಷನ್ ಇನ್ನೂ ಇದೆ ಅಂತ ನಂಬಿಕೊಂಡು ಅದರಲ್ಲೇ ಕ್ವೆರಿ ಕಳಿಸಿರುತ್ತೆ. ಮಿತಿಗಿಂತ ದೊಡ್ಡ ಪ್ಯಾಕೆಟ್ ಕಳಿಸಿದಾಗಲೂ, ಉದಾಹರಣೆಗೆ ಭಾರಿ ಫೋಟೋ ಒಂದನ್ನು ಹಾಗೇ ಟೇಬಲ್‌ಗೆ ತುರುಕಿದಾಗಲೂ, ಇದೇ ಎರರ್ ಬರುತ್ತೆ. ಎರಡರಲ್ಲೂ ಸರ್ವರ್ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ.

ಹಾಗಾದ್ರೆ ಸರ್ವರ್ ಸತ್ತಿತ್ತೋ ಇಲ್ಲವೋ ಹೇಗೆ ತಿಳಿಯೋದು? ಅದರ ಅಪ್‌ಟೈಮ್ ಕೇಳಿ. ಎಷ್ಟು ಹೊತ್ತಿನಿಂದ ಎದ್ದಿದ್ದೀಯ ಅನ್ನೋ ಈ ಒಂದು ಪ್ರಶ್ನೆಗೆ ಸಿಗೋ ಉತ್ತರ ಅರ್ಧ ಗೊಂದಲ ಕಳೆಯುತ್ತೆ. ಹದಿನೈದು ದಿನ ಅಂದ್ರೆ ಸರ್ವರ್ ಬಿದ್ದೇ ಇಲ್ಲ, ತೊಂದರೆ ಬೇರೆ ಕಡೆ ಇದೆ. ಮೂರು ನಿಮಿಷ ಅಂದ್ರೆ ಅದು ಸತ್ತು ಮತ್ತೆ ಎದ್ದಿದೆ. ಇಲ್ಲೊಂದು ಸೂಕ್ಷ್ಮ ಇದೆ. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ ಸತ್ತ ಸರ್ವರನ್ನು ತಾನೇ ಮತ್ತೆ ಎಬ್ಬಿಸೋ ಹಾಗೆ ಇಟ್ಟಿರ್ತಾರೆ. ಮೈಎಸ್‌ಕ್ಯುಎಲ್‌ನ ಹಳೇ ಕಾವಲು ಸ್ಕ್ರಿಪ್ಟ್ ಮಾಡೋದೂ ಇದೇ ಕೆಲಸ. ಹಾಗಾಗಿ ಸರ್ವರ್ ದಿನಕ್ಕೆ ನಾಲ್ಕು ಸಲ ಸತ್ತು ಎದ್ದರೂ ಹೊರಗಿನವರಿಗೆ "ಆಗಾಗ ಸ್ವಲ್ಪ ಸ್ಲೋ" ಅಂತ ಮಾತ್ರ ಕಾಣಬಹುದು. ಅಪ್‌ಟೈಮ್ ನೋಡದವರಿಗೆ ಇದು ಗೊತ್ತೇ ಆಗಲ್ಲ.

ಸಾಯೋವಾಗ ಹೇಳಿದ ಮಾತು

ಕ್ರ್ಯಾಶ್ ಆದ ಸರ್ವರ್ ಸಾಮಾನ್ಯವಾಗಿ ಎರರ್ ಲಾಗ್‌ನಲ್ಲಿ ಕೊನೆಯ ಮಾತು ಬರೆದಿಟ್ಟು ಹೋಗುತ್ತೆ. ಅದರಲ್ಲಿ ಮೊದಲು ಹುಡುಕಬೇಕಾದ್ದು ಸಿಗ್ನಲ್ ನಂಬರ್. ಸಿಗ್ನಲ್ 11 ಅಂದ್ರೆ ತನ್ನದಲ್ಲದ ಮೆಮೊರಿಯನ್ನು ಮುಟ್ಟಿ ಸತ್ತಿದೆ. ಸರ್ವರ್‌ನ ಕೋಡಿನಲ್ಲೋ, ಅದಕ್ಕೆ ಸೇರಿಸಿದ ಪ್ಲಗಿನ್‌ನಲ್ಲೋ, ಕೆಲವೊಮ್ಮೆ ಕೆಟ್ಟ ರ‍್ಯಾಮ್‌ನಲ್ಲೋ ದೋಷ ಇರಬಹುದು. ಸಿಗ್ನಲ್ 6 ಅಂದ್ರೆ ಸರ್ವರ್ ತಾನಾಗೇ ಸತ್ತಿದೆ. ಒಳಗೆ ಇರಬಾರದ ಸ್ಥಿತಿಯೊಂದನ್ನು ಕಂಡು, ಮುಂದುವರಿಯೋದು ಬೇಡ ಅಂತ ನಿರ್ಧರಿಸಿದೆ. ಸಿಗ್ನಲ್ 9 ಅಂದ್ರೆ ಹೊರಗಿನವರು ಕೊಂದಿದ್ದಾರೆ.

ಈ 9ರ ಬಗ್ಗೆ ವಿಶೇಷವಾಗಿ ಹೇಳಬೇಕು. ಅದನ್ನು ಯಾವ ಪ್ರೊಸೆಸ್ಸೂ ತಡೆಯೋಕಾಗಲ್ಲ, ಸಾಯೋ ಮುಂಚೆ ಲಾಗ್‌ನಲ್ಲಿ ಒಂದು ಸಾಲು ಬರೆಯೋಕೂ ಆಗಲ್ಲ. ಮೈಎಸ್‌ಕ್ಯುಎಲ್‌ನ ಲಾಗ್ ನೋಡಿದರೆ ಎಲ್ಲ ಸರಿಯಾಗಿ ನಡೀತಾ ಇತ್ತು, ಇದ್ದಕ್ಕಿದ್ದಂತೆ ಮೌನ, ಆಮೇಲೆ ಸರ್ವರ್ ಮತ್ತೆ ಶುರುವಾದ ಸಾಲು. ಕೊಂದವರು ಯಾರು? ಬಹಳ ಸಲ ಅದು ಲಿನಕ್ಸ್ ಕರ್ನಲ್ಲೇ. ಮೆಷಿನ್‌ನಲ್ಲಿ ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ಲಿನ ಓಓಎಂ ಕಿಲ್ಲರ್ ಹೆಚ್ಚು ಮೆಮೊರಿ ತಿಂದವರನ್ನು ಆರಿಸಿ ಕೊಲ್ಲುತ್ತೆ. ಡೇಟಾಬೇಸ್ ಸ್ವಭಾವತಃ ಮೆಮೊರಿ ಜಾಸ್ತಿ ಹಿಡಿದುಕೊಳ್ಳೋ ಪ್ರಾಣಿ, ಹಾಗಾಗಿ ಮೊದಲ ಬಲಿ ಹೆಚ್ಚಾಗಿ ಅದೇ. ಕ್ಲೌಡ್‌ನಲ್ಲಿ ಪುಕ್ಕಟೆ ಸಿಗೋ 1 ಜಿಬಿ ಮೆಷಿನ್‌ನಲ್ಲಿ ಜಾವಾ ಬ್ಯಾಕೆಂಡ್, ಡೇಟಾಬೇಸ್ ಎರಡನ್ನೂ ತುಂಬಿ ಫೆಸ್ಟ್ ರಿಜಿಸ್ಟ್ರೇಷನ್ ಓಪನ್ ಮಾಡೋ ತಂಡಗಳಿಗೆ ಈ ಸಾವು ಕಟ್ಟಿಟ್ಟ ಬುತ್ತಿ. ಕೊಲೆಯ ದಾಖಲೆ ಡೇಟಾಬೇಸ್ ಲಾಗ್‌ನಲ್ಲಿ ಇರಲ್ಲ, ಕರ್ನಲ್ ಲಾಗ್‌ನಲ್ಲಿ ಇರುತ್ತೆ. ಆ ಲಾಗ್ ತೆಗೆದು ನೋಡದವರು "ಮೈಎಸ್‌ಕ್ಯುಎಲ್ ಸರಿಯಿಲ್ಲ" ಅಂತ ಹೇಳಿಕೊಂಡು ಓಡಾಡ್ತಾರೆ.

ಇನ್ನು ಸರ್ವರ್ ಬೇಕಂತಲೇ ಸಾಯೋ ಸಂದರ್ಭ. ಇದನ್ನು ಅರ್ಥ ಮಾಡಿಕೊಂಡರೆ ಕ್ರ್ಯಾಶ್ ಬಗ್ಗೆ ನಮಗಿರೋ ಭಯ ಅರ್ಧ ಹೋಗುತ್ತೆ. ಪೋಸ್ಟ್‌ಗ್ರೆಸ್ ಡೇಟಾವನ್ನು ಡಿಸ್ಕಿಗೆ ಗಟ್ಟಿಯಾಗಿ ಬರೆಸೋಕೆ ಎಫ್‌ಸಿಂಕ್ ಅನ್ನೋ ಸಿಸ್ಟಮ್ ಕಾಲ್ ಬಳಸುತ್ತೆ. ಒಂದು ಸಲ ಎಫ್‌ಸಿಂಕ್ ಸೋತರೆ ಮತ್ತೆ ಕರೆಯೋಣ, ಆಗ ಸರಿ ಅಂತ ಬಂದರೆ ಎಲ್ಲ ಬರೆದಾಯ್ತು ಅನ್ನೋದು ಅದರ ಹಳೇ ನಂಬಿಕೆ. 2018ರಲ್ಲಿ ಈ ನಂಬಿಕೆ ತಪ್ಪು ಅಂತ ಬಯಲಾಯ್ತು. ಬರೆಯೋಕೆ ಆಗದ ಪುಟಗಳನ್ನು ಲಿನಕ್ಸ್ ಕರ್ನಲ್ "ಬರೆದಾಯ್ತು" ಅಂತ ಗುರುತು ಹಾಕಿಬಿಡಬಹುದು. ಎರಡನೇ ಸಲ ಕೇಳಿದಾಗ ಸರಿ ಅನ್ನೋ ಉತ್ತರವೂ ಬರಬಹುದು. ಡೇಟಾ ಮಾತ್ರ ಡಿಸ್ಕ್‌ನಲ್ಲಿ ಇರಲ್ಲ. 2019ರ ಫೆಬ್ರವರಿಯಲ್ಲಿ ಬಂದ 11.2 ಮತ್ತು ಅದರ ಜೊತೆಗಿನ ಬಿಡುಗಡೆಗಳಿಂದ ಪೋಸ್ಟ್‌ಗ್ರೆಸ್ ತನ್ನ ನಡೆ ಬದಲಿಸಿತು. ಈಗ ಎಫ್‌ಸಿಂಕ್ ಸೋತರೆ ಅದು ಪ್ಯಾನಿಕ್ ಆಗಿ ಬೀಳುತ್ತೆ. ಎದ್ದ ಮೇಲೆ ವಾಲ್, ಅಂದ್ರೆ ಮೊದಲೇ ಬರೆದಿಟ್ಟ ಬದಲಾವಣೆಗಳ ದಾಖಲೆ ನೋಡಿ ಕಳೆದದ್ದನ್ನು ಮತ್ತೆ ಬರೆಯುತ್ತೆ. ಸುಳ್ಳು ಹೇಳಿ ಬದುಕೋದಕ್ಕಿಂತ ಸತ್ತು ಸತ್ಯ ಉಳಿಸೋದು ಮೇಲು ಅನ್ನೋದು ಆ ತೀರ್ಮಾನ. ಇಂಥ ಕ್ರ್ಯಾಶನ್ನು "ಮತ್ತೆ ಎದ್ದಿತಲ್ಲ, ಬಿಡು" ಅಂತ ಬಿಟ್ಟರೆ, ಸಾಯ್ತಿರೋ ಡಿಸ್ಕ್ ಕೊಟ್ಟ ಎಚ್ಚರಿಕೆಯನ್ನು ಕಸದ ಬುಟ್ಟಿಗೆ ಹಾಕಿದ ಹಾಗೆ.

ಕಾಯ್ತಾ ಕೂತವರ ಸಾಲು

ಕ್ರ್ಯಾಶ್‌ಗಿಂತ ಹ್ಯಾಂಗ್ ಕಷ್ಟ. ಸತ್ತವರ ಕೊನೆಯ ಮಾತಾದರೂ ಸಿಗುತ್ತೆ. ಮೌನವಾಗಿ ಕೂತವರನ್ನು ನಾವೇ ಹೋಗಿ ಪರೀಕ್ಷೆ ಮಾಡಬೇಕು. ಮೊದಲ ಪ್ರಶ್ನೆ ಸುಲಭ: ಸಿಪಿಯು ಓಡ್ತಿದೆಯೋ ಇಲ್ಲವೋ? ಪೂರ್ತಿ ಓಡ್ತಿದ್ದರೆ ಸರ್ವರ್ ಹ್ಯಾಂಗ್ ಆಗಿಲ್ಲ, ಬೆವರು ಸುರಿಸಿ ದುಡೀತಿದೆ. ಇಂಡೆಕ್ಸ್ ಇಲ್ಲದ ಯಾವುದೋ ಜಾಯಿನ್ ಕೋಟಿ ಸಾಲು ತಡಕಾಡ್ತಿರಬಹುದು. ಸಿಪಿಯು ಸುಮ್ಮನಿದ್ದರೆ ಯಾರೋ ಯಾರಿಗೋ ಕಾಯ್ತಿದ್ದಾರೆ. ಡಿಸ್ಕಿಗೋ, ಲಾಕಿಗೋ, ಕನೆಕ್ಷನ್ನಿಗೋ ಅನ್ನೋದು ಮುಂದಿನ ಪ್ರಶ್ನೆ.

ಲಾಕಿನದ್ದು ಒಂದು ಉದಾಹರಣೆ. ಇದನ್ನು ಯಾರು ಬೇಕಾದರೂ ಸ್ವಂತ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು. ಮೈಎಸ್‌ಕ್ಯುಎಲ್‌ಗೆ ಮೂರು ಟರ್ಮಿನಲ್‌ಗಳಿಂದ ಕನೆಕ್ಟ್ ಆಗಿ. ಮೊದಲನೆಯದರಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ, ಸ್ಟೂಡೆಂಟ್ ಟೇಬಲ್ ಮೇಲೆ ಒಂದು ಸಾದಾ ಸೆಲೆಕ್ಟ್ ಹೊಡೆದು, ಕಮಿಟ್ ಮಾಡದೆ ಟೀ ಕುಡಿಯೋಕೆ ಹೋಗಿ. ಎರಡನೆಯದರಲ್ಲಿ ಆ ಟೇಬಲ್‌ಗೆ ಹೊಸ ಕಾಲಮ್ ಸೇರಿಸೋ ಆಲ್ಟರ್ ಕೊಡಿ. ಅದು ನಿಲ್ಲುತ್ತೆ, ಯಾಕಂದ್ರೆ ಮೊದಲನೆಯವರು ಟೇಬಲ್‌ನ ಮೆಟಾಡೇಟಾ ಲಾಕ್ ಹಿಡಿದುಕೊಂಡೇ ಟೀಗೆ ಹೋಗಿದ್ದಾರೆ. ಈಗ ಮೂರನೆಯದರಲ್ಲಿ ಬರೀ ಒಂದು ಸೆಲೆಕ್ಟ್ ಕೊಡಿ. ಅದೂ ನಿಲ್ಲುತ್ತೆ! ಸಾಲಿನಲ್ಲಿ ಮುಂದೆ ನಿಂತಿರೋ ಆಲ್ಟರ್ ದಾಟಿ ಅದು ಹೋಗೋ ಹಾಗಿಲ್ಲ. ಹಿಂದೆ ಬರೋ ಪ್ರತಿಯೊಬ್ಬರೂ ಅದೇ ಸಾಲಿಗೆ ಸೇರ್ತಾರೆ. ಸಿಪಿಯು ಖಾಲಿ, ಡಿಸ್ಕ್ ಖಾಲಿ, ಅಪ್ಲಿಕೇಷನ್ ಮಾತ್ರ ಸತ್ತ ಹಾಗೆ. ಈ ಲಾಕಿಗಾಗಿ ಎಷ್ಟು ಹೊತ್ತು ಕಾಯಬೇಕು ಅನ್ನೋ ಸೆಟ್ಟಿಂಗ್‌ನ ಮೂಲ ಬೆಲೆ 31536000 ಸೆಕೆಂಡ್. ಕ್ಯಾಲ್ಕುಲೇಟರ್ ಬೇಡ, ಅದು ಸರಿಯಾಗಿ 365 ದಿನ.

ಈಗ ರೀಸ್ಟಾರ್ಟ್ ಮಾಡಿದರೆ ಏನಾಗುತ್ತೆ? ಎಲ್ಲ ಕನೆಕ್ಷನ್ ಕಡಿದು, ಲಾಕ್ ಬಿಟ್ಟು, ಸಮಸ್ಯೆ "ಸರಿಹೋಗುತ್ತೆ". ಟ್ರಾನ್ಸಾಕ್ಷನ್ ತೆರೆದು ಮುಚ್ಚದೆ ಬಿಡೋ ಕೋಡ್ ಹಾಗೇ ಉಳಿಯುತ್ತೆ. ನೋಡಿದವರು ಏನು ಮಾಡ್ತಾರೆ? ಶೋ ಪ್ರೊಸೆಸ್‌ಲಿಸ್ಟ್ ಕೊಡ್ತಾರೆ. ಹತ್ತಾರು ಕನೆಕ್ಷನ್‌ಗಳ ಎದುರು ಮೆಟಾಡೇಟಾ ಲಾಕಿಗೆ ಕಾಯ್ತಿದೆ ಅಂತ ಬರೆದಿರೋದು ಕಾಣುತ್ತೆ. ಬಹಳ ಹೊತ್ತಿನಿಂದ ಸುಮ್ಮನೆ ಮಲಗಿರೋ ಒಂದು ಕನೆಕ್ಷನ್ ಕೂಡ ಕಾಣುತ್ತೆ. ಅದೊಂದನ್ನು ಮಾತ್ರ ಕಿಲ್ ಮಾಡ್ತಾರೆ, ಸಾಲು ಕರಗುತ್ತೆ. ಅದು ಯಾರ ಪ್ರೋಗ್ರಾಮಿನದ್ದು ಅಂತ ಬರೆದಿಟ್ಟುಕೊಂಡು ಮರುದಿನ ಕೋಡ್ ತಿದ್ದಿಸ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕೆಲಸಕ್ಕೆ ಪಿಜಿ ಸ್ಟ್ಯಾಟ್ ಆಕ್ಟಿವಿಟಿ ಇದೆ. ಅಲ್ಲಿ "ಐಡಲ್ ಇನ್ ಟ್ರಾನ್ಸಾಕ್ಷನ್" ಅಂತ ಕಂಡರೆ ಟೀಗೆ ಹೋದವರು ಸಿಕ್ಕರು ಅಂತ ತಿಳ್ಕೊಳ್ಳಿ.

ಡಿಸ್ಕ್ ತುಂಬಿದಾಗ ಎರಡು ಡೇಟಾಬೇಸ್‌ಗಳು ಎರಡು ಥರ ನಡಕೊಳ್ಳೋದನ್ನೂ ಇಲ್ಲೇ ಹೇಳಬೇಕು. ಪೋಸ್ಟ್‌ಗ್ರೆಸ್‌ನ ವಾಲ್ ಇರೋ ಡಿಸ್ಕ್ ತುಂಬಿದರೆ ಅದು ಪ್ಯಾನಿಕ್ ಆಗಿ ಬೀಳಬಹುದು. ಮೈಎಸ್‌ಕ್ಯುಎಲ್ ಸಾಮಾನ್ಯವಾಗಿ ಬೀಳಲ್ಲ; ನಿಮಿಷಕ್ಕೊಮ್ಮೆ ಜಾಗ ಆಯ್ತಾ ಅಂತ ನೋಡ್ತಾ ಕಾಯುತ್ತೆ, ಹತ್ತು ನಿಮಿಷಕ್ಕೊಮ್ಮೆ ಲಾಗ್‌ನಲ್ಲಿ ಒಂದು ಸಾಲು ಬರೆಯುತ್ತೆ. ಕಾರಣ ಒಂದೇ, ಒಂದು ಕಡೆ ಕ್ರ್ಯಾಶ್, ಇನ್ನೊಂದು ಕಡೆ ಹ್ಯಾಂಗ್. ಲಕ್ಷಣ ನೋಡಿ ಕಾಯಿಲೆ ಊಹಿಸೋದು ಎಷ್ಟು ಅಪಾಯ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಕಾಯ್ತಾ ಇರೋದನ್ನು ಸತ್ತಿದೆ ಅಂದುಕೊಂಡಾಗ

ಊಹೆಯ ಬೆಲೆ ಎಷ್ಟಾಗಬಹುದು ಅಂತ ತಿಳಿಯೋಕೆ 2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಕರಣ ನೋಡಬೇಕು. ಕಂಪನಿಯೇ ಅದನ್ನು ಪೂರ್ತಿ ಬಿಚ್ಚಿಟ್ಟು ಬರೆದಿದೆ, ಹಾಗಾಗಿ ಏನಾಯ್ತು ಅನ್ನೋದು ಎಲ್ಲರಿಗೂ ಗೊತ್ತಿದೆ. ಅವರ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಒಂದು ಮುಖ್ಯ ಸರ್ವರ್, ಅದರ ನಕಲು ಇಟ್ಟುಕೊಳ್ಳೋಕೆ ಒಂದು ಎರಡನೇ ಸರ್ವರ್ ಇತ್ತು. ಅವತ್ತು ಲೋಡ್ ವಿಪರೀತ ಏರಿ, ಎರಡನೇ ಸರ್ವರ್ ಹಿಂದೆ ಬಿದ್ದು, ನಕಲು ಮಾಡೋದೇ ನಿಂತುಹೋಯ್ತು. ಎಂಜಿನಿಯರ್ ಒಬ್ಬರು ಎರಡನೇ ಸರ್ವರ್‌ನ ಡೇಟಾ ಖಾಲಿ ಮಾಡಿ, ಬೇಸ್ ಬ್ಯಾಕಪ್ ಕಮಾಂಡ್‌ನಿಂದ ಮತ್ತೆ ಮೊದಲಿನಿಂದ ನಕಲು ತೆಗೆಯೋಕೆ ಹೊರಟರು. ಕಮಾಂಡ್ ಏನೂ ಹೇಳದೆ ನಿಂತುಬಿಟ್ಟಿತು.

ನಿಜಕ್ಕೂ ಅದು ಹ್ಯಾಂಗ್ ಆಗಿರಲಿಲ್ಲ. ಮುಖ್ಯ ಸರ್ವರ್ ನಕಲು ಕಳಿಸೋಕೆ ಶುರು ಮಾಡಲಿ ಅಂತ ಸುಮ್ಮನೆ ಕಾಯ್ತಿತ್ತು. ಕಾಯ್ತಿದ್ದೀನಿ ಅಂತ ಮಾತ್ರ ಹೇಳಲಿಲ್ಲ. ಆ ಮೌನಕ್ಕೆ ಇನ್ನೊಂದು ಅರ್ಥ ಕಟ್ಟಿದರು: ಡೇಟಾ ಡೈರೆಕ್ಟರಿಯಲ್ಲಿ ಹಳೇ ಫೈಲ್ ಏನೋ ಉಳಿದು ಅಡ್ಡ ಬರ್ತಿರಬೇಕು. ಡಿಲೀಟ್ ಕಮಾಂಡ್ ಕೊಟ್ಟರು. ಕೊಟ್ಟದ್ದು ಮಾತ್ರ ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು.

ಬ್ಯಾಕಪ್ ಕಡೆ ತಿರುಗಿದರೆ ಅಲ್ಲೂ ಮೌನ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯೋ ಸಾಫ್ಟ್‌ವೇರ್ ಮಾತ್ರ 9.2 ಆವೃತ್ತಿಯದ್ದು. ದಿನದಿನವೂ ಅದು ಸೋಲ್ತಿತ್ತು. ಸೋತೆ ಅಂತ ಅದು ಕಳಿಸ್ತಿದ್ದ ಇಮೇಲ್‌ಗಳು ಸರಿಯಾದ ಸಹಿ ಇಲ್ಲದ ಕಾರಣ ಮೇಲ್ ಸರ್ವರ್‌ನಲ್ಲೇ ತಿರಸ್ಕಾರ ಆಗ್ತಿದ್ವು, ಯಾರ ಕಣ್ಣಿಗೂ ಬೀಳಲಿಲ್ಲ. ಕೊನೆಗೆ ಉಳಿಸಿದ್ದು, ಬೇರೆ ಯಾವುದೋ ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಆ ಆರು ಗಂಟೆಗಳಲ್ಲಿ ಆದ ಸುಮಾರು 5000 ಪ್ರಾಜೆಕ್ಟ್, 5000 ಕಾಮೆಂಟ್, 700 ಹೊಸ ಬಳಕೆದಾರರ ದಾಖಲೆಗಳು ಡೇಟಾಬೇಸಿಗೆ ವಾಪಸ್ ಬರಲಿಲ್ಲ. ಗಿಟ್ ರೆಪಾಸಿಟರಿಗಳು ಬೇರೆ ಕಡೆ ಇದ್ದದ್ದರಿಂದ ಕೋಡ್ ಉಳೀತು.

ಇದರಿಂದ ಆ ಎಂಜಿನಿಯರ್ ಅಜಾಗರೂಕ ಅನ್ನೋ ನೀತಿ ತೆಗೆಯೋದು ಅನ್ಯಾಯ. ರಾತ್ರಿ ಹೊತ್ತು, ಗಂಟೆಗಟ್ಟಲೆ ಒತ್ತಡದಲ್ಲಿ ಕೂತವರು ಅವರು. ನಮಗೆ ಕಾಣೋ ಪಾಠ ಬೇರೆ. ಆ ಮೌನದ ಅರ್ಥ "ಕಾಯ್ತಿದೆ" ಅಂತ ಮೊದಲೇ ಒಮ್ಮೆ ಕಣ್ಣಾರೆ ಕಂಡಿದ್ದರೆ, ಮುಂದಿನ ಹೆಜ್ಜೆಯೇ ಬೇಕಿರಲಿಲ್ಲ. ಅದನ್ನು ಕಾಣಬೇಕಾದ ಜಾಗ ಪ್ರೊಡಕ್ಷನ್ ಅಲ್ಲ, ಲ್ಯಾಬ್.

ರೀಸ್ಟಾರ್ಟ್ ಪರವಾದ ವಾದ

ನಮ್ಮ ಎದುರು ಒಂದು ಗಟ್ಟಿ ವಾದ ಇದೆ, ಅದನ್ನು ಮುಚ್ಚಿಡಬಾರದು. ಟ್ರಾನ್ಸಾಕ್ಷನ್ ಅನ್ನೋ ಪರಿಕಲ್ಪನೆಗೆ ಅಡಿಪಾಯ ಹಾಕಿ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ, 1985ರಲ್ಲಿ ಟ್ಯಾಂಡಂ ಕಂಪನಿಯಲ್ಲಿದ್ದಾಗ ಕಂಪ್ಯೂಟರ್‌ಗಳು ಯಾಕೆ ನಿಲ್ಲುತ್ತವೆ ಅನ್ನೋ ಬಗ್ಗೆ ಒಂದು ವರದಿ ಬರೆದರು. ಅಲ್ಲಿ ಅವರು ನೋಡಿದ 132 ಸಾಫ್ಟ್‌ವೇರ್ ದೋಷಗಳಲ್ಲಿ ಮತ್ತೆ ಮಾಡಿದರೂ ಹಾಗೇ ಆಗೋ ದೋಷ ಒಂದೇ ಒಂದು. ಉಳಿದವು ಮತ್ತೆ ಪ್ರಯತ್ನಿಸಿದಾಗ ಮಾಯವಾಗೋ ಥರದ್ದು. ಹೈಸನ್‌ಬಗ್ ಅಂತ ನಾವು ಇವತ್ತು ಕರೆಯೋದು ಅವನ್ನೇ. ಹಾಗಾದ್ರೆ ರೀಸ್ಟಾರ್ಟ್ ಮಾಡೋದೇ ಸರಿ ಅಲ್ವಾ? ಜೊತೆಗೆ ಸಾವಿರ ಜನ ಕಾಯ್ತಿರೋವಾಗ ಲಾಗ್ ಓದ್ತಾ ಕೂರೋದು ಮೆಚ್ಚಿಕೊಳ್ಳೋ ವಿಷಯವಾ?

ಸರಿ, ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ. ಒಟ್ಟು ನಿಲುಗಡೆಗಳಲ್ಲಿ ಶೇ. 42ರಷ್ಟಕ್ಕೆ ಮೂಲ ಯಂತ್ರವೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಅದನ್ನು ನೋಡಿಕೊಳ್ಳೋರ ಕೆಲಸ, ಸೆಟ್ಟಿಂಗ್ ಬದಲಾವಣೆ, ರಿಪೇರಿ. ಮೆಟಾಡೇಟಾ ಲಾಕ್, ತುಂಬಿದ ಡಿಸ್ಕ್, ಸಾಲದ ಮೆಮೊರಿ ಇವೆಲ್ಲ ರೀಸ್ಟಾರ್ಟ್‌ನಿಂದ ಮಾಯವಾಗೋ ಹೈಸನ್‌ಬಗ್‌ಗಳಲ್ಲ. ಎರಡನೆಯದಾಗಿ, ಗ್ರೇ ಹೇಳಿದ ಮರುಪ್ರಾರಂಭ ಟ್ರಾನ್ಸಾಕ್ಷನ್‌ಗಳ ಮೇಲೆ ಕಟ್ಟಿದ, ಬಿದ್ದ ತಕ್ಷಣ ಕೈ ಬದಲಿಸೋಕೆ ಇನ್ನೊಂದು ಪ್ರೊಸೆಸ್ ಸಿದ್ಧವಾಗಿರೋ ವ್ಯವಸ್ಥೆ. ಗಾಬರಿಯಲ್ಲಿ ಹೊಡೆಯೋ ಕಿಲ್ -9ಕ್ಕೂ ಅದಕ್ಕೂ ಸಂಬಂಧವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಒಂದು ಕನೆಕ್ಷನ್‌ನ ಪ್ರೊಸೆಸ್‌ಗೆ ಕಿಲ್ -9 ಹೊಡೆದರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದು ಅಂತ ಸರ್ವರ್ ಉಳಿದ ಎಲ್ಲ ಕನೆಕ್ಷನ್‌ಗಳನ್ನೂ ಕಡಿದು ರಿಕವರಿಗೆ ಇಳಿಯುತ್ತೆ. ಇನ್ನೋಡಿಬಿಯಲ್ಲಿ ಎರಡು ಗಂಟೆಯಿಂದ ಓಡ್ತಿರೋ ಅಪ್‌ಡೇಟ್ ರೋಲ್‌ಬ್ಯಾಕ್ ಆಗೋದು ತಡ ಅಂತ ಸರ್ವರನ್ನೇ ಕೊಂದರೆ, ಎದ್ದ ಮೇಲೆ ಅದು ಮೊದಲು ಆ ರೋಲ್‌ಬ್ಯಾಕನ್ನೇ ಮುಂದುವರಿಸುತ್ತೆ. ಉಳಿಸಿದ ಸಮಯ ಸೊನ್ನೆ.

ಮೂರನೆಯದಾಗಿ, ನಾವು ಕೇಳ್ತಿರೋದು ಐದು ನಿಮಿಷ, ಐದು ಗಂಟೆ ಅಲ್ಲ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಅಪ್‌ಟೈಮ್ ಕೇಳಿ. ಪ್ರೊಸೆಸ್‌ಲಿಸ್ಟ್ ತೆಗೆದು ಫೈಲ್‌ಗೆ ಉಳಿಸಿ. ಇನ್ನೋಡಿಬಿ ಸ್ಟೇಟಸ್ ತೆಗೆದು ಅದನ್ನೂ ಉಳಿಸಿ. ಕೊನೆಯ ಡೆಡ್‌ಲಾಕ್‌ನ ವಿವರ ಮೂಲ ಸೆಟ್ಟಿಂಗ್‌ನಲ್ಲಿ ಅಲ್ಲಿ ಮಾತ್ರ ಇರುತ್ತೆ, ರೀಸ್ಟಾರ್ಟ್ ಆದ್ರೆ ಹೋಗುತ್ತೆ. ಸಿಪಿಯು, ಮೆಮೊರಿ, ಡಿಸ್ಕ್ ಹೇಗಿವೆ ನೋಡಿ. ಎರರ್ ಲಾಗ್, ಕರ್ನಲ್ ಲಾಗ್ ಎರಡರ ಕೊನೆಯ ಇನ್ನೂರು ಸಾಲು ಕಾಪಿ ಮಾಡಿ. ಇಷ್ಟಾದ ಮೇಲೂ ದಾರಿ ಕಾಣದಿದ್ದರೆ ಧೈರ್ಯವಾಗಿ ರೀಸ್ಟಾರ್ಟ್ ಮಾಡಿ, ನಾವೇನೂ ಬೇಡ ಅನ್ನಲ್ಲ. ಒಳಗೆ ಹೋಗೋಕೇ ಆಗ್ತಿಲ್ಲ, ಕನೆಕ್ಷನ್ ಎಲ್ಲ ತುಂಬಿವೆ ಅಂದ್ರೆ ಅದಕ್ಕೂ ದಾರಿ ಇದೆ. ಮೈಎಸ್‌ಕ್ಯುಎಲ್‌ನ ಮೂಲ ಮಿತಿ 151, ಅದರ ಮೇಲೆ ಅಡ್ಮಿನ್‌ಗಾಗಿ ಒಂದು ಜಾಗ ಮೀಸಲು. ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100, ಅದರಲ್ಲಿ ಸೂಪರ್‌ಯೂಸರ್‌ಗೆ 3 ಮೀಸಲು. ಅಪ್ಲಿಕೇಷನ್ನಿಗೇ ರೂಟ್ ಪಾಸ್‌ವರ್ಡ್ ಕೊಟ್ಟಿಡೋ ಪ್ರಾಜೆಕ್ಟುಗಳಲ್ಲಿ ಈ ಮೀಸಲು ಬಾಗಿಲನ್ನೂ ಅಪ್ಲಿಕೇಷನ್ನೇ ತುಂಬಿಬಿಡುತ್ತೆ. ಅದಕ್ಕಾದರೂ ಬೇರೆ ಯೂಸರ್ ಮಾಡಿ ಕೊಡಿ.

ಕೆಡಿಸಿ ಕಲಿಯೋ ಲ್ಯಾಬ್

ಡಿಬಿಎಂಎಸ್ ಅಂದ್ರೆ ನಮಗೆ ಇಆರ್ ಡಯಾಗ್ರಮ್, ನಾರ್ಮಲೈಸೇಷನ್, ಐದು ಕ್ವೆರಿ, ಒಂದು ಮಿನಿ ಪ್ರಾಜೆಕ್ಟ್. ರಿಕವರಿ ಚಾಪ್ಟರ್‌ನಲ್ಲಿ ಏರೀಸ್ ಅಲ್ಗಾರಿದಂ ಬರುತ್ತೆ. ಮದ್ರಾಸ್ ಐಐಟಿಯಲ್ಲಿ ಓದಿದ ಸಿ. ಮೋಹನ್ ಮತ್ತು ಅವರ ಐಬಿಎಂ ಸಹೋದ್ಯೋಗಿಗಳು 1992ರಲ್ಲಿ ಪ್ರಕಟಿಸಿದ್ದು ಅದು. ಅನಾಲಿಸಿಸ್, ರೀಡೂ, ಅನ್‌ಡೂ ಅಂತ ಮೂರು ಹಂತ ಬಾಯಿಪಾಠ ಮಾಡಿ ಹತ್ತು ಮಾರ್ಕ್ಸ್ ತಗೋತೀವಿ. ಸರ್ವರ್ ಬಿದ್ದು, ಎದ್ದು, ಲಾಗ್ ನೋಡಿ ತನ್ನನ್ನು ತಾನೇ ಸರಿಮಾಡಿಕೊಳ್ಳೋದನ್ನು ಕಣ್ಣಾರೆ ಕಂಡವರು ಕ್ಲಾಸಿನಲ್ಲಿ ಎಷ್ಟು ಜನ?

ಸಿಲಬಸ್ ಬದಲಾಗೋವರೆಗೆ ಕಾಯೋದು ಬೇಡ ಅಂತ ನಮ್ಮ ಅಭಿಪ್ರಾಯ. ಈಗಿರೋ ಲ್ಯಾಬ್ ಅವಧಿಯಲ್ಲೇ ಒಂದೆರಡು ದಿನ ಇದಕ್ಕೆ ಬಿಡಿ ಅಂತ ವಿಭಾಗದ ಮೇಷ್ಟ್ರುಗಳನ್ನು ಕೇಳಿಕೊಳ್ತೀವಿ. ನಾಲ್ಕು ಪ್ರಯೋಗ ಸಾಕು. ಒಂದು, ಕಮಿಟ್ ಆದ ಒಂದು ಸಾಲು, ಆಗದ ಒಂದು ಸಾಲು ಬರೆದು ಸರ್ವರ್‌ಗೆ ಕಿಲ್ -9 ಹೊಡೆದು, ಎದ್ದ ಮೇಲೆ ಯಾವುದು ಉಳಿದಿದೆ ನೋಡೋದು, ಲಾಗ್‌ನಲ್ಲಿ ರಿಕವರಿಯ ಸಾಲುಗಳನ್ನು ಗುರುತಿಸೋದು. ಎರಡು, ಮೇಲೆ ಹೇಳಿದ ಮೂರು ಟರ್ಮಿನಲ್‌ಗಳ ಲಾಕ್. ಮೂರು, ಚಿಕ್ಕ ವರ್ಚುವಲ್ ಮೆಷಿನ್‌ನ ಡಿಸ್ಕ್ ತುಂಬಿಸಿ ಸರ್ವರ್ ಏನು ಮಾಡುತ್ತೆ ಅಂತ ಗಮನಿಸೋದು. ನಾಲ್ಕು, ಬ್ಯಾಕಪ್ ತೆಗೆದು, ಡೇಟಾಬೇಸ್ ಅಳಿಸಿ, ಬ್ಯಾಕಪ್‌ನಿಂದ ಮತ್ತೆ ಕಟ್ಟೋದು. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮರಳಿ ಕಟ್ಟಿ ನೋಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ, ಗಿಟ್‌ಲ್ಯಾಬ್ ತೋರಿಸಿದ್ದು ಅದನ್ನೇ. ಎಲ್ಲವನ್ನೂ ಸ್ವಂತ ಲ್ಯಾಪ್‌ಟಾಪಿನ ವರ್ಚುವಲ್ ಮೆಷಿನ್‌ನಲ್ಲಿ ಮಾಡಿ. ಕಾಲೇಜಿನ ಸರ್ವರ್ ಹತ್ತಿರ ಸುಳಿಯಬೇಡಿ.

ಕನ್ನಡ ಸಂಘದ ಕಡೆಯಿಂದ ನಾವು ಮಾಡಬಹುದಾದ ಕೆಲಸವೂ ಒಂದಿದೆ. ಫೆಸ್ಟ್, ಕ್ಲಬ್, ಪ್ರಾಜೆಕ್ಟ್ ಅಂತ ಕ್ಯಾಂಪಸ್ಸಿನಲ್ಲಿ ವರ್ಷಕ್ಕೆ ಹತ್ತಾರು ಸರ್ವರ್‌ಗಳು ಬೀಳುತ್ತವೆ. ಪ್ರತಿ ಸಲವೂ ಯಾರೋ ರಾತ್ರಿ ನಿದ್ದೆಗೆಟ್ಟು ಕಾರಣ ಹುಡುಕ್ತಾರೆ, ಪಾಸ್‌ಔಟ್ ಆಗಿ ಹೋಗ್ತಾರೆ, ಗೊತ್ತಾದದ್ದೂ ಅವರ ಜೊತೆ ಹೋಗುತ್ತೆ. ಮುಂದಿನ ಬ್ಯಾಚ್ ಅದೇ ಗುಂಡಿಗೆ ಹೊಸದಾಗಿ ಬೀಳುತ್ತೆ. ಹಾಗಾಗದಿರಲಿ ಅಂತ ಈ ಪತ್ರಿಕೆಯಲ್ಲೇ ಒಂದು ಅಂಕಣ ತೆರೀತೀವಿ. ಏನು ಬಿತ್ತು, ಮೊದಲು ಏನು ಕಾಣಿಸ್ತು, ಏನು ಅಂದುಕೊಂಡ್ರಿ, ನಿಜವಾದ ಕಾರಣ ಏನಿತ್ತು, ಹೇಗೆ ಗೊತ್ತಾಯ್ತು: ಈ ಐದು ಪ್ರಶ್ನೆಗೆ ಒಂದು ಪುಟದ ಉತ್ತರ ಬರೆದು ಕಳಿಸಿ. ನಾವು ಹಾಸ್ಟೆಲ್ ರೂಮಿನಲ್ಲಿ ಮಾತಾಡೋ ಕನ್ನಡದಲ್ಲೇ ಬರೀರಿ. ತಪ್ಪು ಯಾರದ್ದು ಅಂತ ಬರೆಯಬೇಡಿ, ಅದು ನಮಗೆ ಬೇಡ. ಹೆಸರಿಲ್ಲದೆ ಕಳಿಸಿದರೂ ಹಾಕ್ತೀವಿ.

ಮೊದಲ ಸಂಚಿಕೆಗೆ ಮೂರು ಪುಟ ಬಂದರೂ ಸಾಕು. ಮುಂದಿನ ವರ್ಷ ಯಾವುದೋ ಜೂನಿಯರ್, ನಿಂತುಹೋದ ಸರ್ವರ್ ಎದುರು ಕೂತು, ರೀಸ್ಟಾರ್ಟ್ ಒತ್ತೋ ಮೊದಲು ಅದರಲ್ಲೊಂದು ಪುಟ ತೆಗೆದು ನೋಡಿದರೆ, ಈ ಲೇಖನ ಬರೆದದ್ದಕ್ಕೆ ಬೆಲೆ ಬಂತು.